ಟ್ರಿನಿಡಾಡ್‌ನಲ್ಲಿ ಸಸ್ಯಾಹಾರ: ಗಡಿಯಾರ ನೋಡಿ ಉಂಡ ನನ್ನ ಅನುಭವ

ಕೆರಿಬಿಯನ್‌ಗೆ ಹೋದರೆ ಬ್ರೆಡ್ಡು, ಬಾಳೆಹಣ್ಣೇ ಗತಿ ಎಂದವರಿಗೆ ಇದು ಉತ್ತರ. ಟ್ರಿನಿಡಾಡ್‌ನಲ್ಲಿ ಮೂರು ಹೊತ್ತೂ ಬಿಸಿಬಿಸಿ ಊಟ ಸಿಕ್ಕಿತು. ದಿನದ ಊಟಕ್ಕೆ ನೂರು ಟಿಟಿ (ಟ್ರಿನಿಡಾಡ್ ಮತ್ತು ಟೊಬೇಗೊ) ಡಾಲರ್, ಅಂದರೆ ಹೆಚ್ಚುಕಡಿಮೆ ಹದಿನೈದು ಅಮೆರಿಕನ್ ಡಾಲರ್, ಧಾರಾಳವಾಗಿ ಸಾಕಾಯಿತು. ರಾಜಧಾನಿ ಪೋರ್ಟ್ ಆಫ್ ಸ್ಪೇನ್ ಬಿಟ್ಟು ದ್ವೀಪದ ನಡುಭಾಗದ ಶಗ್ವಾನಸ್‌ನಲ್ಲಿ ಉಳಿಯಬೇಕು, ಹೊತ್ತು ನೋಡಿ ತಿನ್ನಬೇಕು.

ರಾಜಧಾನಿಯ ಹೋಟೆಲಿನಲ್ಲಿದ್ದು ಸುತ್ತುವ ಲೆಕ್ಕ ನಡೆಯಲಿಲ್ಲ. ಅಲ್ಲಿ ವೆಜ್ ಎಂದರೆ ಪಾಸ್ತಾ, ಬೇಯಿಸಿದ ಕ್ಯಾರೆಟ್ಟು. ಆ ಒಂದು ತಟ್ಟೆಯ ದುಡ್ಡಿಗೆ ಬೀದಿಯಲ್ಲಿ ಎರಡು ದಿನ ಉಣ್ಣಬಹುದು. 1845ರಿಂದ 1917ರವರೆಗೆ ಭಾರತದಿಂದ ಕಬ್ಬಿನ ತೋಟಗಳಿಗೆ ಕರಾರಿನ ಮೇಲೆ ಬಂದವರಲ್ಲಿ ಹೆಚ್ಚಿನವರು ಭೋಜಪುರಿ ಸೀಮೆಯವರು. ಅವರ ಅಡುಗೆ ಬೇರುಬಿಟ್ಟಿರುವುದು ದ್ವೀಪದ ನಡುಭಾಗ ಮತ್ತು ದಕ್ಷಿಣದಲ್ಲಿ.

ಬೆಳಿಗ್ಗೆ ಆರರಿಂದ ಒಂಬತ್ತರೊಳಗೆ ಡಬಲ್ಸ್ ಮುಗಿಸಿಬಿಡಿ. ಎರಡು ಮೆತ್ತನೆಯ ಬಾರಾ (ಕರಿದ ಮೈದಾ ರೊಟ್ಟಿ), ಮೇಲೆ ಕಡಲೆ ಗೊಜ್ಜು, ಹುಣಸೆ, ಸೌತೆಕಾಯಿ, ಕುಚೇಲಾ ಎಂಬ ಮಾವಿನ ಉಪ್ಪಿನಕಾಯಿ. ಒಂದಕ್ಕೆ ಆರೋ ಎಂಟೋ ಟಿಟಿ. ಚಿಲ್ಲರೆ ಇಟ್ಟುಕೊಳ್ಳಿ, ನೂರರ ನೋಟು ಕೊಟ್ಟರೆ ಸಾಲೇ ನಿಲ್ಲುತ್ತದೆ. ಖಾರಕ್ಕೆ ‘ಸ್ಲೈಟ್’, ಅಂದರೆ ಸ್ವಲ್ಪವೇ, ಎನ್ನಿ. ಅಲ್ಲಿನ ಸ್ಕಾಚ್ ಬಾನೆಟ್ ಮೆಣಸಿನ ಮುಂದೆ ಬ್ಯಾಡಗಿ ಏನೂ ಅಲ್ಲ. ಬಾಯಿ ಉರಿದರೆ ಉಳಿದ ರುಚಿಯೆಲ್ಲ ಹೋಯಿತು. ಮಾಂಸದ ಡಬಲ್ಸ್ ಕೂಡ ಮಾರುವ ಗಾಡಿಯಲ್ಲಿ ಸೌಟು ಒಂದೇ ಆಗಿರಬಹುದು. ಕಡಲೆ ಮಾತ್ರ ಮಾರುವವರನ್ನು ಹುಡುಕಿ. ನನಗೆ ಹಿಡಿಸಿದ ಗಾಡಿಯ ಹೆಸರು ಹೇಳುವುದಿಲ್ಲ, ಸಾಲು ಈಗಲೇ ಉದ್ದವಿದೆ.

ಮಧ್ಯಾಹ್ನ ರೊಟ್ಟಿ ಅಂಗಡಿ. ಧಾಲ್‌ಪುರಿ (ಬೇಳೆ ತುಂಬಿದ ರೊಟ್ಟಿ) ಅಥವಾ ಬಸ್‌ಅಪ್‌ಶಟ್ (ಹರಿದು ಚೂರು ಮಾಡಿದ ಪರಾಠಾ) ಜೊತೆ ಕುಂಬಳಕಾಯಿ, ಅಲಸಂದೆಕಾಯಿ, ಮಾವಿನಕಾಯಿ ಕರಿ. ಮೂವತ್ತು ನಲವತ್ತು ಟಿಟಿಯೊಳಗೆ ಹೊಟ್ಟೆ ತುಂಬುತ್ತದೆ. ಮೋಸ ಹೋಗುವುದು ಇಲ್ಲೇ. ಕಲ್ಲಲೂ ಎಂಬ ಅಡುಗೆ ನೋಡಲು ಬರೀ ಸೊಪ್ಪು, ಒಳಗೆ ಏಡಿಯೋ ಉಪ್ಪು ಹಾಕಿದ ಹಂದಿಬಾಲವೋ ಇರುವುದುಂಟು. ಭಾಜಿಗೆ (ಅಲ್ಲಿನ ಸೊಪ್ಪಿನ ಪಲ್ಯ) ಉಪ್ಪುಮೀನು ಬೆರೆಸುವವರಿದ್ದಾರೆ. ‘ವೆಜ್ಜಾ?’ ಎಂದರೆ ಹೌದೆನ್ನುತ್ತಾರೆ. ಮೀನು, ಏಡಿ, ಹಂದಿಬಾಲ ಎಂದು ಒಂದೊಂದನ್ನೇ ಹೆಸರಿಸಿ ಕೇಳಿ.

ಸಂಜೆಗೆ ದಕ್ಷಿಣದ ದೆಬೆ ಎಂಬ ಊರು. ಅಲ್ಲಿನ ಸಹೀನಾ ತಿಂದರೆ ಕರಾವಳಿಯವರು ಪತ್ರೊಡೆ ನೆನೆಯುತ್ತಾರೆ: ಕೆಸುವಿನೆಲೆ, ಬೇಳೆ ಹಿಟ್ಟು, ಆದರೆ ಎಣ್ಣೆಯಲ್ಲಿ ಕರಿದದ್ದು. ಅಕ್ರಾ ಎಂಬ ಉಪ್ಪುಮೀನಿನ ವಡೆ ಅದೇ ಬಾಣಲೆಗೆ ಬೀಳುತ್ತಿದೆಯೇ ನೋಡಿಕೊಳ್ಳಿ.

ಓಡಾಟಕ್ಕೆ ಹಸಿರು ಪಟ್ಟಿಯ ಮ್ಯಾಕ್ಸಿ ಎಂಬ ಮಿನಿಬಸ್ಸು: ರಾಜಧಾನಿಯ ಸಿಟಿ ಗೇಟ್ ನಿಲ್ದಾಣದಿಂದ ಶಗ್ವಾನಸ್, ಸ್ಯಾನ್ ಫರ್ನಾಂಡೊ ಕಡೆಗೆ. ವೇಳಾಪಟ್ಟಿಯಿಲ್ಲ, ಸೀಟು ತುಂಬಿದರೆ ಹೊರಡುತ್ತದೆ; ಭಾನುವಾರ, ರಾತ್ರಿ ಬಲು ಕಡಿಮೆ. ಸ್ಯಾನ್ ಫರ್ನಾಂಡೊದಿಂದ ದೆಬೆಗೆ ಶೇರ್ ಟ್ಯಾಕ್ಸಿ ಹಿಡಿಯುವಾಗ ನಂಬರ್ ಪ್ಲೇಟ್ ‘ಎಚ್’ ಅಕ್ಷರದಿಂದ ಶುರುವಾಗಿರಬೇಕು. ‘ಪಿ’ ಖಾಸಗಿ ಕಾರು, ಬೇಡ.

ಶಗ್ವಾನಸ್ ಹತ್ತಿರದ ಕರಾಪಿಚೈಮಾದಲ್ಲಿ 85 ಅಡಿಯ ಹನುಮಂತ ನಿಂತಿದ್ದಾನೆ. ಅಲ್ಲಿನ ದತ್ತಾತ್ರೇಯ ದೇವಸ್ಥಾನ ಮೈಸೂರಿನ ಅವಧೂತ ದತ್ತಪೀಠದ್ದು. ವಾಟರ್‌ಲೂನ ಸಮುದ್ರ ದೇವಾಲಯವನ್ನೂ ಅದೇ ದಿನ ನೋಡಬಹುದು. ಸೇವದಾಸ್ ಸಾಧು ಎಂಬಾತ ದಡದಲ್ಲಿ ಕಟ್ಟಿದ್ದ ಗುಡಿಯನ್ನು ಅಧಿಕಾರಿಗಳು ಕೆಡವಿಸಿದರು. ಆತ ಛಲಬಿಡದೆ ಕಡಲೊಳಗೇ ಕಲ್ಲುಮಣ್ಣು ಸುರಿದು ಮತ್ತೆ ಕಟ್ಟಿದ. ಕಾರ್ನಿವಲ್ ಟಿಕೆಟ್ಟಿಗೆ ದುಡ್ಡಿಲ್ಲದಿದ್ದರೆ ಅದಕ್ಕೂ ಮುಂಚಿನ ವಾರಗಳಲ್ಲಿ ರಾತ್ರಿ ಪ್ಯಾನ್‌ಯಾರ್ಡ್ ಎಂಬ ತಾಲೀಮಿನ ಅಂಗಳಗಳಿಗೆ ಹೋಗಿ. ಸ್ಟೀಲ್‌ಪ್ಯಾನ್ ಎಂಬ ಉಕ್ಕಿನ ವಾದ್ಯದ ತಾಲೀಮು ಎದುರಿಗೇ ನಡೆಯುತ್ತದೆ, ಎದೆಯೇ ನಡುಗುತ್ತದೆ.

ಊರಿಗೆ ಬಂದು ಬಾರಾ ಪ್ರಯೋಗವೂ ಆಯಿತು. ಎರಡು ಲೋಟ ಮೈದಾಕ್ಕೆ ಅರ್ಧ ಚಮಚ ಅರಿಸಿನ, ಅಷ್ಟೇ ಜೀರಿಗೆ ಪುಡಿ, ಒಂದು ಚಮಚ ಯೀಸ್ಟ್, ಉಪ್ಪು, ಒಂದು ಲೋಟದಷ್ಟು ನೀರು. ಹಿಟ್ಟು ಅಂಟಬೇಕು, ಒಣಹಿಟ್ಟು ಉದುರಿಸಿದರೆ ಬಾರಾ ಬಿರುಸಾಗುತ್ತದೆ, ಅಂಗೈಗೆ ಎಣ್ಣೆ ಸವರಿ ತಟ್ಟಿ. ತಟ್ಟುವ ಮುಂಚೆ ಹಿಟ್ಟು ಒಂದೂವರೆ ಗಂಟೆ ಉಬ್ಬಲಿ. ಕಾದ ಎಣ್ಣೆಯಲ್ಲಿ ಪ್ರತಿ ಬದಿ ಐದಾರು ಸೆಕೆಂಡು, ತೆಗೆದು ಒಂದರ ಮೇಲೊಂದಿಟ್ಟು ಬಟ್ಟೆ ಮುಚ್ಚಿ. ಆ ಹಬೆಯಲ್ಲೇ ಮೆತ್ತಗಾಗುತ್ತವೆ. ಗೊಜ್ಜಿಗೆ ಅಲ್ಲಿನವರು ಹಾಕುವ ಶಾಡೋ ಬೆನಿ ಸೊಪ್ಪು ಬೇಕಿದ್ದರೆ ಮಲೆನಾಡಿನ ಹಿತ್ತಿಲುಗಳಲ್ಲಿ ಕೇಳಿ: ಉದ್ದ ಎಲೆ, ಗರಗಸದಂಥ ಅಂಚು, ಕೊತ್ತಂಬರಿಯ ಘಾಟು. ಕಡಲೆ ಗೊಜ್ಜಿನ ಹದ ಮಾತ್ರ ಸದ್ಯಕ್ಕೆ ನನ್ನಲ್ಲೇ ಇರಲಿ.