ಮೊದಲು ಬೋರಲು ಹಾಕಿ ನೋಡಿ: ಅಮೆರಿಕದ ಹಳೆಯ ಸ್ಟುಡಿಯೋ ಪಾಟರಿ ಜೊತೆ ನನ್ನ ಅನುಭವ

ಹೊಸದಾಗಿ ಹಳೆಯ ಸ್ಟುಡಿಯೋ ಪಾಟರಿ, ಅಂದರೆ ಒಬ್ಬಿಬ್ಬರೇ ಮೊದಲಿನಿಂದ ಕೊನೆಯವರೆಗೆ ಕೈಯಾರೆ ಮಾಡಿದ ಮಣ್ಣಿನ ಪಾತ್ರೆ, ಕೊಳ್ಳಲು ಹೊರಟವರು ನನ್ನನ್ನು ಕೇಳುವುದು ಒಂದೇ. ಯಾರ ಹೆಸರು ಹುಡುಕಬೇಕು? ಹೆಸರು ಆಮೇಲೆ ನೋಡೋಣ, ಮೊದಲು ಬೋರಲು ಹಾಕಿ ತಳ ನೋಡಿ ಅನ್ನುತ್ತೇನೆ. ಮೈಮೇಲಿನ ಬಣ್ಣಕ್ಕೆ ಯಾರು ಬೇಕಾದರೂ ಮರುಳಾಗುತ್ತಾರೆ. ಮಾಡಿದವರ ಕೈ ಎಂಥದ್ದು ಅಂತ ಗೊತ್ತಾಗುವುದು ತಳದಲ್ಲಿ.

ತಳದ ಉಂಗುರದಲ್ಲಿ ಗ್ಲೇಜ್ (ಸುಟ್ಟಾಗ ಗಾಜಿನಂತಾಗುವ ಲೇಪ) ಹತ್ತದ ಬರೀ ಮಣ್ಣು ಕಾಣುತ್ತದೆ. ಅದು ಕೆಂಪೋ, ಬೂದು ಬಣ್ಣವೋ, ಅಚ್ಚ ಬಿಳಿಯೋ ನೋಡುತ್ತೇನೆ. ಬಿಳಿಯಾಗಿದ್ದರೆ ತೆಳುವಾದ ಅಂಚಿನ ಹಿಂದೆ ಮೊಬೈಲ್ ಟಾರ್ಚ್ ಹಿಡಿಯುತ್ತೇನೆ. ಬೆಳಕು ಈಚೆ ಬಂತು ಅಂದರೆ ಪೋರ್ಸಲೀನ್, ಅಂದರೆ ನಯವಾದ ಬಿಳಿ ಪಿಂಗಾಣಿ, ಇರಬೇಕು. ಆಮೇಲೆ ಒಳಗೆ ಬೆರಳಾಡಿಸುತ್ತೇನೆ. ಸುರುಳಿಯಾಗಿ ಮೇಲೇರುವ ಸಣ್ಣ ಏರಿಳಿತ ಸಿಕ್ಕರೆ ತಿಗರಿಯ ಮೇಲೆ ಎತ್ತಿದ್ದು. ಹೊರಮೈಯಲ್ಲಿ ಎದುರುಬದುರಾಗಿ ಎರಡು ಉದ್ದ ಗೆರೆ ಸಿಕ್ಕರೆ ಅಚ್ಚಿನಲ್ಲಿ ಎರೆದದ್ದು. ಉಂಗುರವನ್ನು ಹೇಗೆ ಕೆತ್ತಿ ಬಿಡಿಸಿದ್ದಾರೆ ಅನ್ನುವುದನ್ನು ತುಂಬಾ ಹೊತ್ತು ನೋಡುತ್ತೇನೆ. ಯಾರೂ ನೋಡದ ಜಾಗದಲ್ಲೂ ಶ್ರದ್ಧೆ ಇಟ್ಟವರ ಕೆಲಸ ಬೇರೆಯೇ ಇರುತ್ತದೆ.

ತಳ ಓದುವುದನ್ನು ನಾನು ಕಲಿತದ್ದು ರುಕ್‌ವುಡ್ ಹೂದಾನಿಗಳಿಂದ. ಸಿನ್ಸಿನಾಟಿಯಲ್ಲಿ 1880ರಲ್ಲಿ ಮರಾಯಾ ಲಾಂಗ್‌ವರ್ತ್ ನಿಕಲ್ಸ್ ಶುರು ಮಾಡಿದ ಪಾಟರಿ ಅದು. ಎತ್ತುವವರು ಒಬ್ಬರು, ಚಿತ್ರ ಬರೆಯುವವರು ಇನ್ನೊಬ್ಬರು, ಹೀಗೆ ಕಾರ್ಖಾನೆಯ ಹಾಗೆ ಹಂಚಿಕೊಂಡ ಕೆಲಸ, ಹಾಗಾಗಿ ಇದನ್ನು ಸ್ಟುಡಿಯೋ ಪಾಟರಿ ಅನ್ನುವುದಿಲ್ಲ. ಆದರೂ ಕಲಿಯುವವರಿಗೆ ಇದಕ್ಕಿಂತ ಒಳ್ಳೆ ಪಾಠ ಸಿಗದು. 1886ರಲ್ಲಿ ಆರ್ ಮತ್ತು ಪಿ ಬೆನ್ನಿಗೆ ಬೆನ್ನು ಕೂಡಿಸಿದ ಮುದ್ರೆ ಬಂತು. ಆಮೇಲೆ ವರ್ಷಕ್ಕೊಂದು ಜ್ವಾಲೆಯ ಗುರುತು ಸೇರುತ್ತಾ ಹೋಯಿತು. 1900ಕ್ಕೆ 14 ಜ್ವಾಲೆ. 1901ರಿಂದ ಅದರ ಕೆಳಗೆ ರೋಮನ್ ಅಂಕಿ. 14 ಜ್ವಾಲೆಯ ಕೆಳಗೆ ರೋಮನ್ ಆರು ಇದ್ದರೆ ಅದು 1906ರದ್ದು. ಪಕ್ಕದಲ್ಲಿ ಆಕಾರದ ನಂಬರ್, ಚಿತ್ರ ಬರೆದವರ ಸಹಿ. ಮೇಲೆ ಇಂಟು ಗುರುತು ಗೀರಿದ್ದರೆ ಪಾಟರಿಯವರೇ ಸಣ್ಣ ದೋಷ ಕಂಡು ಎರಡನೇ ದರ್ಜೆಗೆ ಹಾಕಿದ್ದು. ಬಜೆಟ್ ಕಮ್ಮಿ ಇರುವವರು ಇಂಥವನ್ನೇ ಕೊಳ್ಳಬಹುದು. ಎಷ್ಟೋ ಸಲ ಆ ದೋಷ ಎಲ್ಲಿದೆ ಅಂತ ಹುಡುಕಬೇಕಾಗುತ್ತದೆ.

ನನ್ನ ಮನಸ್ಸು ನಿಂತಿರುವುದು ಮಾತ್ರ ನಾನಿರುವ ದಕ್ಷಿಣ ಕ್ಯಾಲಿಫೋರ್ನಿಯಾದ ಕುಶಲಕರ್ಮಿಗಳ ಮೇಲೆ. ವಿಯೆನ್ನಾದಿಂದ 1938ರಲ್ಲಿ ಲಾಸ್ ಏಂಜಲೀಸ್‌ಗೆ ಬಂದ ಗೆರ್ಟ್ರೂಡ್ ಮತ್ತು ಆಟೊ ನಾಟ್ಸ್ಲರ್ ದಂಪತಿಯನ್ನೇ ತಗೊಳ್ಳಿ. ತಿಗರಿ ಆಕೆಯದು, ಗ್ಲೇಜ್ ಆತನದು. ಒಂದು ಹರಾಜಿನ ಮುಂಚಿನ ದಿನ ಅವರ ಬಟ್ಟಲೊಂದನ್ನು ಕೈಯಲ್ಲಿ ಹಿಡಿದೆ. ಗೋಡೆ ಎಷ್ಟು ತೆಳು ಅಂದರೆ ಎತ್ತಲು ಹಾಕಿದ ಬಲವೇ ಜಾಸ್ತಿಯಾಯಿತು. ಮೈಮೇಲೆಲ್ಲ ಗುಳಿ. ಭಟ್ಟಿಯ ಕಾವಿನಲ್ಲಿ ಗ್ಲೇಜ್ ಒಳಗಿನ ಗಾಳಿ ಗುಳ್ಳೆ ಒಡೆದು ಆದದ್ದು. ಅದನ್ನು ದೋಷ ಅಂತ ಬಿಡದೆ, ಬೇಕೆಂದೇ ತರಿಸಿ ಹಿಡಿತಕ್ಕೆ ತಂದವರು ಆಟೊ. ಹರಾಜಿನಲ್ಲಿ ಕೊಳ್ಳದಿದ್ದರೂ ಪರವಾಗಿಲ್ಲ, ಮುಂಚಿನ ದಿನ ಹೋಗಿ ಕೇಳಿಕೊಂಡು ಮುಟ್ಟಿ ನೋಡಿ. ಮ್ಯೂಸಿಯಂನಲ್ಲಿ ಈ ಭಾಗ್ಯ ಇಲ್ಲ.

ನನಗೆ ಎಲ್ಲರಿಗಿಂತ ಹತ್ತಿರ ಅನಿಸುವವರು ಬಿಯಾಟ್ರಿಸ್ ವುಡ್. ಹಾಲೆಂಡ್‌ನಲ್ಲಿ ಲೋಹದ ಹೊಳಪಿನ ಹಳೆಯ ತಟ್ಟೆಗಳನ್ನು ಕೊಂಡು, ಅದಕ್ಕೆ ಒಪ್ಪುವ ಟೀ ಪಾಟ್ ಸಿಗದೆ, ತಾನೇ ಮಾಡೋಣ ಅಂತ ಹಾಲಿವುಡ್ ಹೈಸ್ಕೂಲಿನ ಸಂಜೆ ಕ್ಲಾಸಿಗೆ ಸೇರಿದರು. ಆಗ ಅವರಿಗೆ ನಲವತ್ತರ ಆಸುಪಾಸು. ಗ್ಲೇಜಿನಲ್ಲೇ ಲೋಹದ ಲವಣ ಬೆರೆಸಿ, ಭಟ್ಟಿಗೆ ಗಾಳಿ ಕಮ್ಮಿ ಮಾಡಿ ಸುಡುವುದು ಅವರ ದಾರಿ. ಒಂದೇ ಬಟ್ಟಲಿನಲ್ಲಿ ಚಿನ್ನ, ಹಸಿರು, ನೇರಳೆ ಓಡಾಡುತ್ತವೆ. ಮಂಗಳೂರಿನಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯರು ಇವರ ಕೆಲಸ ಮೆಚ್ಚಿ ಭಾರತಕ್ಕೆ ಕರೆದರು. 1961ರಲ್ಲಿ ಬಿಯಾಟ್ರಿಸ್ ತಮ್ಮ ಮಡಕೆಗಳ ಜೊತೆ ಭಾರತ ಸುತ್ತಿದರು. ಆಮೇಲೆ ಸೀರೆ ಉಡುವುದು ರೂಢಿಯಾಯಿತು. 105 ವರ್ಷ ಬದುಕಿ 1998ರಲ್ಲಿ ತೀರಿಕೊಂಡರು. ಇಲ್ಲೇ ದಕ್ಷಿಣ ಕ್ಯಾಲಿಫೋರ್ನಿಯಾದ ಓಹಾಯ್ ಊರಿನಲ್ಲಿ ಅವರ ಮನೆ ಈಗ ಕಲಾಕೇಂದ್ರ. ಈ ಕಡೆ ಬರುವ ಕನ್ನಡದವರಿಗೆಲ್ಲ ನೋಡಿ ಬನ್ನಿ ಅನ್ನುತ್ತೇನೆ. ಅವರ ಮಡಕೆಯ ತಳದಲ್ಲಿ ಹುಡುಕಬೇಕಾದ ಸಹಿ 'ಬಿಯಾಟೊ' (Beato).

ಸಹಿ ಇಲ್ಲ ಅಂತ ಸುಮ್ನೆ ಕೆಳಗಿಡಬೇಡಿ. ಮಿನೆಸೋಟದ ವಾರೆನ್ ಮೆಕೆಂಜಿ ಎಷ್ಟೋ ವರ್ಷ ತಮ್ಮ ಮಡಕೆಗಳಿಗೆ ಮುದ್ರೆಯನ್ನೇ ಒತ್ತಲಿಲ್ಲ. ಕೈಯಲ್ಲಿ ಹಿಡಿದರೆ ಚೆನ್ನಾಗಿದೆಯಾ, ದಿನಾ ಬಳಸಬೇಕು ಅನಿಸುತ್ತದೆಯಾ, ಅಷ್ಟೇ ಅವರಿಗೆ ಬೇಕಿದ್ದದ್ದು. ನಾನು ಎಸ್ಟೇಟ್ ಸೇಲ್‌ಗಳಲ್ಲಿ (ಒಂದು ಮನೆಯ ಸಾಮಾನನ್ನೆಲ್ಲ ಮಾರುವಲ್ಲಿ) ಕೊಂಡ ಒಳ್ಳೆಯ ಬಟ್ಟಲುಗಳಲ್ಲಿ ಹೆಚ್ಚಿನವು ಹೆಸರಿಲ್ಲದವೇ.

ದುಡ್ಡು ಕೊಡುವ ಮುಂಚೆ ಬೆರಳ ಗೆಣ್ಣಿನಿಂದ ಮೆಲ್ಲಗೆ ತಟ್ಟಿ. ಗಟ್ಟಿಯಾಗಿ ಸುಟ್ಟದ್ದು ಕಂಚಿನ ಹಾಗೆ ಠಣ್ ಅನ್ನುತ್ತದೆ. ಬಿರುಕಿದ್ದರೆ ಸದ್ದು ಸತ್ತಿರುತ್ತದೆ. ಕಮ್ಮಿ ಕಾವಿನಲ್ಲಿ ಸುಟ್ಟ ಮಣ್ಣು ಹೇಗಿದ್ದರೂ ಮಂದ ಸದ್ದೇ, ಅಲ್ಲಿ ಕಣ್ಣನ್ನು ನಂಬಬೇಕು. ಕತ್ತಲಲ್ಲಿ ಯುವಿ ಟಾರ್ಚ್ ಹಿಡಿದರೆ ಆಮೇಲೆ ಮೆತ್ತಿದ ಅಂಟು, ಬಳಿದ ಬಣ್ಣ ಸಾಮಾನ್ಯವಾಗಿ ಬೇರೆ ತರಹ ಹೊಳೆಯುತ್ತವೆ. ರಿಪೇರಿ ಆದದ್ದನ್ನು ಕೊಳ್ಳಬಾರದು ಅಂತಲ್ಲ. ಬೆಲೆಯಲ್ಲಿ ಅದು ಕಾಣಬೇಕು, ಅಲ್ವಾ?

ಮನೆಗೆ ತಂದ ಮೇಲೆ ಪ್ರತಿಯೊಂದರ ಅಡಿಗೂ ಮ್ಯೂಸಿಯಂ ವ್ಯಾಕ್ಸ್ ಅನ್ನುವ ಅಂಟು ಮೇಣ ಹಚ್ಚಿ ಶೆಲ್ಫಿನಲ್ಲಿ ಕೂರಿಸುತ್ತೇನೆ, ಇದು ಭೂಕಂಪದ ನಾಡು. ಹಳೆಯ ಗ್ಲೇಜಿನಲ್ಲಿ ಸೀಸ ಇರಬಹುದು, ಹಾಗಾಗಿ ಲೋಹದ ಹೊಳಪಿನ ಬಟ್ಟಲಿನಲ್ಲಿ ಊಟ ಬಡಿಸುವುದಿಲ್ಲ. ತಳಕ್ಕೆ ಅಂಟಿರುವ ಹಳೆಯ ಕಾಗದದ ಚೀಟಿಯನ್ನು ಎಂದೂ ಕೀಳುವುದಿಲ್ಲ, ತೊಳೆಯುವಾಗ ಅದಕ್ಕೆ ನೀರು ಸೋಕಿಸುವುದೂ ಇಲ್ಲ. ಎಲ್ಲಿ ಕೊಂಡದ್ದು, ಎಷ್ಟಕ್ಕೆ, ಮಾರಿದವರು ಏನು ಹೇಳಿದರು ಅನ್ನುವುದನ್ನು ಅವತ್ತೇ ಪುಸ್ತಕದಲ್ಲಿ ಬರೆದು, ತಳದ ಫೋಟೋ ತೆಗೆದು ಜೊತೆಗೆ ಇಡುತ್ತೇನೆ.