ಸೈನೋಟೈಪ್‌ನಲ್ಲಿ ಮುಖ ಬಂತು: ನನ್ನ ಅನುಭವ

ಹೊಸಬರಿಗೆ ಒಂದೇ ಮಾತು: ಸೈನೋಟೈಪ್ ಅಂದರೆ ಕಬ್ಬಿಣದ ಲವಣಗಳ ದ್ರಾವಣ ಹಚ್ಚಿದ ಕಾಗದವನ್ನು ಬೆಳಕಿಗಿಟ್ಟು, ನೀರಲ್ಲಿ ತೊಳೆದು ಚಿತ್ರ ತೆಗೆಯುವ ಹಳೆಯ ಫೋಟೋ ವಿಧಾನ; ಬೆಳಕು ತಾಗಿದ ಕಡೆ ನೀಲಿ, ತಾಗದ ಕಡೆ ಬಿಳಿ. ಉಳಿದವರೆಲ್ಲ ಸೈನೋಟೈಪ್ ಮಾಡಿದವರೇ, ಹಾಗಾಗಿ ಎರಡು ದ್ರಾವಣ ಬೆರೆಸಿ ಹಚ್ಚೋದು ಹೇಗೆ ಅಂತ ಮೊದಲಿಂದ ಶುರು ಮಾಡುವುದಿಲ್ಲ. ನೇರವಾಗಿ ವಿಷಯಕ್ಕೆ ಬರುತ್ತೇನೆ. ನನ್ನ ಅಜ್ಜಿಯ ಮುಖ ಎ4 ಹಾಳೆಯಲ್ಲಿ ನೀಲಿಯಾಗಿ ಬಂದಿದೆ. ಕಣ್ಣಿನೊಳಗಿನ ಬೆಳಕಿನ ಚುಕ್ಕೆ ಕಾಣುತ್ತದೆ, ಕೆನ್ನೆಯ ಸುಕ್ಕುಗಳು ಒಂದೊಂದೂ ಬಿಡಿಬಿಡಿಯಾಗಿ ಕಾಣುತ್ತವೆ, ಹೆಗಲ ಮೇಲಿನ ಕಪ್ಪು ಶಾಲಿನ ಮಡಿಕೆಗಳೂ ಕಾಣುತ್ತವೆ. ಇದಕ್ಕೆ ಹೆಚ್ಚುಕಡಿಮೆ ಏಳು ತಿಂಗಳು ಹಿಡಿಯಿತು. ಸುಮಾರು 80 ಹಾಳೆ ಹಾಳಾಯಿತು.

ಕೋರ್ಸ್‌ನ ಎರಡನೇ ವರ್ಷದಲ್ಲಿ ಇದನ್ನು ಪ್ರಾಜೆಕ್ಟ್ ಮಾಡುತ್ತೇನೆ ಅಂದಾಗ ಕೇಳಿದವರೆಲ್ಲ ಬೇಡ ಅಂದರು. ಒಬ್ಬ ಸೀನಿಯರ್ ಅಂತೂ ಖಡಾಖಂಡಿತವಾಗಿ ಹೇಳಿದರು: "ಇದು ಎಲೆಗೆ, ಗರಿಗೆ, ಬೀಗದ ಕೈಗೆ ಇರೋ ಟೆಕ್ನಿಕ್. ಸಸ್ಯಶಾಸ್ತ್ರಜ್ಞೆ ಅನ್ನಾ ಅಟ್ಕಿನ್ಸ್ 1843ರಲ್ಲೇ ಪಾಚಿ ಪ್ರಿಂಟ್ ಮಾಡಿದ್ದು ಸುಮ್ನೆ ಅಲ್ಲ. ಮುಖ ಇಟ್ಟರೆ ಅರ್ಧ ಕಡುನೀಲಿ, ಅರ್ಧ ಬಿಳಿ, ಮಧ್ಯೆ ಏನೂ ಇರಲ್ಲ." ಪಾಠ ಮಾಡುವವರೂ ಹೆಚ್ಚುಕಡಿಮೆ ಅದನ್ನೇ ಹೇಳಿದರು, ಸ್ವಲ್ಪ ಮೆತ್ತಗೆ ಹೇಳಿದರು ಅಷ್ಟೇ.

ಆದರೆ ನನಗೆ ಒಂದು ವಿಷಯ ಗೊತ್ತಿತ್ತು. ಅಮೆರಿಕದ ಮೂಲನಿವಾಸಿಗಳ ಫೋಟೋ ತೆಗೆದ ಎಡ್ವರ್ಡ್ ಕರ್ಟಿಸ್ ತನ್ನ ಗಾಜಿನ ನೆಗೆಟಿವ್‌ಗಳ (ಕಪ್ಪು-ಬಿಳಿ ಅದಲುಬದಲಾದ ಚಿತ್ರಗಳ) ಪ್ರೂಫ್, ಅಂದರೆ ಪರೀಕ್ಷಾ ಪ್ರತಿ, ನೋಡಲು ಸೈನೋಟೈಪ್ ಬಳಸುತ್ತಿದ್ದ. ಅವು ಮನುಷ್ಯರ ಮುಖಗಳು, ಮತ್ತು ಅವುಗಳಲ್ಲಿ ಟೋನ್, ಅಂದರೆ ಕಡುನೀಲಿಗೂ ಬಿಳಿಗೂ ಮಧ್ಯದ ಛಾಯೆ, ತುಂಬಿದೆ. ನೂರು ವರ್ಷದ ಹಿಂದೆ ಆಗಿದ್ದು ಈಗ ಯಾಕೆ ಆಗಬಾರದು ಅಲ್ವಾ? ರಾಸಾಯನಿಕ ಅದೇ, ಸೂರ್ಯ ಅದೇ. ಹಾಗಾದರೆ ತಪ್ಪು ನೆಗೆಟಿವ್‌ನಲ್ಲಿರಬೇಕು, ಇಲ್ಲವೇ ಕಾಗದದಲ್ಲಿ, ಇಲ್ಲವೇ ನಾವು ಮಾಡುವ ರೀತಿಯಲ್ಲಿ. ಈ ಒಂದು ಯೋಚನೆ ಹಿಡಿದುಕೊಂಡೇ ಏಳು ತಿಂಗಳು ದೂಡಿದೆ.

ಮೊದಲ ನೆಗೆಟಿವ್‌ಗಳನ್ನು ಪ್ರಿಂಟ್ ಅಂಗಡಿಯಲ್ಲಿ ಲೇಸರ್ ಪ್ರಿಂಟರ್‌ನಿಂದ ಓಎಚ್‌ಪಿ (ಪಾರದರ್ಶಕ ಪ್ಲಾಸ್ಟಿಕ್) ಹಾಳೆ ಮೇಲೆ ತೆಗೆಸಿದೆ. ಅಗ್ಗ ಅಂತ ಒಮ್ಮೆಗೇ 12 ತೆಗೆಸಿದ್ದು ತಪ್ಪಾಯಿತು. ಲೇಸರ್ ಟೋನರ್ ಕಣ್ಣಿಗೆ ಕಪ್ಪಾಗಿ ಕಂಡರೂ ಯುವಿಗೆ, ಅಂದರೆ ಸೈನೋಟೈಪ್ ಮೂಡಿಸುವ ನೇರಳಾತೀತ ಬೆಳಕಿಗೆ, ಜರಡಿ ಇದ್ದ ಹಾಗೆ. ಹಣೆ, ಮೂಗು, ಕೆನ್ನೆ ಎಲ್ಲ ಒಂದೇ ಮಸುಕು ನೀಲಿ. ಎರಡು ಹಾಳೆ ಒಂದರ ಮೇಲೊಂದು ಜೋಡಿಸಿದರೆ ಸಾಂದ್ರತೆ ಸಾಕಾಗುತ್ತದೆ ಅಂತ ಯಾರೋ ಹೇಳಿದರು. ಸಾಕಾಯಿತು ಕೂಡ. ಆದರೆ ಕೂದಲೆಳೆಯಷ್ಟು ಸರಿದರೂ ಅಜ್ಜಿಗೆ ಎರಡೆರಡು ರೆಪ್ಪೆ ಬರುತ್ತಿತ್ತು. ಟೇಪ್ ಹಾಕಿ, ಮೂಲೆಯಲ್ಲಿ ಗುರುತು ಮಾಡಿ ಒಂದು ವಾರ ಒದ್ದಾಡಿ ಬಿಟ್ಟೆ.

ಆಮೇಲೆ ಗೆಳೆಯನ ಇಂಕ್‌ಜೆಟ್ ಪ್ರಿಂಟರ್ ಹಿಡಿದೆ. ಇಂಕ್ ಖರ್ಚು ನನ್ನದು ಅಂತ ಒಪ್ಪಂದ. ಆ ಒಪ್ಪಂದ ನನ್ನ ಜೇಬು ಖಾಲಿ ಮಾಡಿತು, ಯಾಕೆಂದರೆ ಪೂರ್ತಿ ಎ4 ನೆಗೆಟಿವ್ ತೆಗೆದು ತೆಗೆದು ಒಂದು ಸೆಟ್ ಇಂಕ್ ಎರಡೇ ವಾರದಲ್ಲಿ ಮುಗಿಸಿದ್ದೆ. ಆ ತಿಂಗಳ ಕೈಖರ್ಚಿನಲ್ಲಿ ಅರ್ಧಕ್ಕಿಂತ ಜಾಸ್ತಿ ಅದಕ್ಕೇ ಹೋಯಿತು. ಅವತ್ತಿನಿಂದ ಒಂದು ನಿಯಮ ಮಾಡಿಕೊಂಡೆ: ಕೆನ್ನೆ ಮತ್ತು ಕಣ್ಣು ಸೇರುವ ಒಂದು ತುಂಡು, ಮೂರು ಬೆರಳು ಅಗಲದ್ದು, ಅದು ಸರಿಯಾಗುವವರೆಗೆ ಪೂರ್ತಿ ಮುಖ ಮುಟ್ಟಬಾರದು. ಒಂದು ಎ4 ಫಿಲ್ಮ್‌ನಲ್ಲಿ ಅಂಥ 9 ತುಂಡು ಹಿಡಿಸುತ್ತವೆ. ಈ ನಿಯಮ ಮೊದಲೇ ಮಾಡಿಕೊಂಡಿದ್ದರೆ ಅರ್ಧ ದುಡ್ಡು ಉಳಿಯುತ್ತಿತ್ತು. ಹೊಸಬರು ಯಾರೇ ಕೇಳಿದರೂ ನಾನು ಮೊದಲು ಹೇಳುವುದು ಇದನ್ನೇ.

ಇನ್ನೊಂದು ಹುಡುಗಾಟದ ತಪ್ಪು. ಚಿತ್ರವನ್ನು ಕನ್ನಡಿಯಲ್ಲಿ ಕಾಣುವ ಹಾಗೆ ಎಡಬಲ ತಿರುಗಿಸಿ ಪ್ರಿಂಟ್ ಮಾಡಿರಲಿಲ್ಲ. ಮುಖ ಸರಿದಿಕ್ಕಿಗೆ ಬರಲಿ ಅಂತ ಇಂಕ್ ಇರುವ ಬದಿ ಮೇಲೆ ಮಾಡಿ ಇಡುತ್ತಿದ್ದೆ. ಫಿಲ್ಮ್‌ನ ದಪ್ಪದಷ್ಟು ಅಂತರದಲ್ಲೇ ಸುಕ್ಕಿನ ಗೆರೆಗಳು ಕರಗಿ ಹೋಗುತ್ತಿದ್ದವು. ತಿರುಗಿಸಿ, ಇಂಕ್ ಬದಿ ಕಾಗದಕ್ಕೆ ತಾಗಿಸಿ ಇಟ್ಟ ದಿನ ಬಂದ ಹರಿತ ನೋಡಿ ಬಹಳ ಹೊತ್ತು ಲೂಪ್ (ಕಣ್ಣಿಗೆ ಹಿಡಿಯುವ ಭೂತಗನ್ನಡಿ) ಕೆಳಗಿಡಲಿಲ್ಲ.

ಬೆಳಕಿನದೇ ಒಂದು ದೊಡ್ಡ ಕಥೆ. ಬಿಸಿಲಲ್ಲಿ ಒಂದು ದಿನ 8 ನಿಮಿಷಕ್ಕೆ ಆಗಿದ್ದು ಮರುದಿನ 14 ನಿಮಿಷವಾದರೂ ಆಗುತ್ತಿರಲಿಲ್ಲ. ಅಳತೆ ಸಿಗದೆ ಕರ್ವ್, ಅಂದರೆ ನೆಗೆಟಿವ್‌ನ ಛಾಯೆಗಳನ್ನು ಸೈನೋಟೈಪ್‌ಗೆ ಹೊಂದಿಸುವ ಲೆಕ್ಕ, ಮಾಡುವುದು ಹೇಗೆ? ಹಳೆಯ ಮರದ ಡ್ರಾಯರ್ ಒಂದರೊಳಗೆ 395 ನ್ಯಾನೋಮೀಟರ್‌ನ 5 ಮೀಟರ್ ಯುವಿ ಎಲ್‌ಇಡಿ ಪಟ್ಟಿ ಸಾಲಾಗಿ ಅಂಟಿಸಿ ಪೆಟ್ಟಿಗೆ ಮಾಡಿದೆ. ಮೊದಲ ಪ್ರಿಂಟ್‌ನಲ್ಲಿ ಪಟ್ಟೆ ಪಟ್ಟೆ. ಪಟ್ಟಿಗಳು ಕಾಗದಕ್ಕೆ ತೀರಾ ಹತ್ತಿರ ಇದ್ದವು, ಒಂದು ಗೇಣು ಮೇಲೆತ್ತಿದ ಮೇಲೆ ಸಮನಾಯಿತು. ಅದಾದ ಮೇಲೂ ಎಕ್ಸ್‌ಪೋಷರ್ (ಬೆಳಕಿಗೆ ಇಡುವ ಹೊತ್ತು) ಒಂದು ಗಂಟೆ ಹಿಡಿಯುತ್ತಿತ್ತು. ತಲೆ ಕೆಟ್ಟುಹೋಯಿತು. ಎಲ್‌ಇಡಿ ಕಳಪೆ ಇರಬೇಕು ಅಂತ ಇನ್ನೊಂದು ರೀಲ್ ತಂದೆ. ಆಮೇಲೆ ಗೊತ್ತಾಯಿತು, ನೆಗೆಟಿವ್ ಒತ್ತಲು ಇಟ್ಟಿದ್ದು ಗಾಜಲ್ಲ, ಅಕ್ರಿಲಿಕ್ ಹಾಳೆ. ಕೆಲವು ಅಕ್ರಿಲಿಕ್‌ಗಳಿಗೆ ಯುವಿ ತಡೆಯುವ ವಸ್ತು ಸೇರಿಸಿರುತ್ತಾರೆ. ಮಾಮೂಲಿ ಗಾಜು ಹಾಕಿದೆ, 18 ನಿಮಿಷದ ಆಸುಪಾಸಿಗೆ ಇಳಿಯಿತು. ಎರಡನೇ ರೀಲ್ ಹಾಗೇ ಬಿದ್ದಿದೆ, ಬೇಕಾದವರು ಕೇಳಿ. ಪೆಟ್ಟಿಗೆಯೊಳಗೆ ಬರಿಗಣ್ಣಲ್ಲಿ ಬಗ್ಗಿ ನೋಡಬೇಡಿ, ಮುಚ್ಚಳ ಹಾಕಿಯೇ ದೀಪ ಹಚ್ಚಿ.

ಬ್ರಷ್ ಬಗ್ಗೆ ಒಂದೇ ಮಾತು. ಲೋಹದ ಪಟ್ಟಿ ಇರುವ ಬ್ರಷ್ ಬೇಡ. ಕಬ್ಬಿಣದ ಅಂಶ ದ್ರಾವಣಕ್ಕೆ ತಾಗಿ ಹಾಳೆ ತುಂಬ ನೀಲಿ ಚುಕ್ಕೆ ಬರುತ್ತದೆ, ಅಜ್ಜಿಯ ಹಣೆ ಮೇಲೆ ನನಗೆ ಬಂದಿತ್ತು.

ಈಗ ಮುಖ್ಯ ವಿಷಯ. ಇಷ್ಟೆಲ್ಲ ಸರಿ ಮಾಡಿದ ಮೇಲೂ ಪ್ರಿಂಟ್ ಪೆಟ್ಟಿಗೆಯಿಂದ ಹೊರಬಂದಾಗ ಚೆನ್ನಾಗಿರುತ್ತಿತ್ತು, ತೊಳೆಯುವಾಗ ಕೆನ್ನೆ ಮಾಯವಾಗುತ್ತಿತ್ತು. ತೊಟ್ಟಿಯ ನೀರು ನೀಲಿಯಾಗುತ್ತಿತ್ತು, ಮುಖ ಬಿಳಿಯಾಗುತ್ತಿತ್ತು. ಎಕ್ಸ್‌ಪೋಷರ್ ಜಾಸ್ತಿ ಮಾಡಿದರೆ ಶ್ಯಾಡೋ (ಗಾಢ ಭಾಗ) ಎಲ್ಲ ಕಲಸಿ ಶಾಲು ಒಂದು ಮುದ್ದೆ. ಸೀನಿಯರ್ ಹೇಳಿದ್ದು ಅಕ್ಷರಶಃ ಕಣ್ಣೆದುರಿಗೆ ಬಂತು: ಅರ್ಧ ಕಡುನೀಲಿ, ಅರ್ಧ ಬಿಳಿ. ಒಂದು ತಿಂಗಳು ಪೂರ್ತಿ ಬಿಟ್ಟೇಬಿಟ್ಟಿದ್ದೆ. ಪ್ರಾಜೆಕ್ಟ್ ಬದಲಿಸುತ್ತೇನೆ ಅಂತ ಬರೆದುಕೊಡಲೂ ತಯಾರಾಗಿದ್ದೆ.

ಆ ತಿಂಗಳು ಸುಮ್ನೆ ಕೂರಲಾಗದೆ ಬೇರೆ ಏನೇನೋ ಮಾಡಿದೆ. ಅವಧಿ ಮುಗಿದ ಕಪ್ಪುಬಿಳುಪು ಫೋಟೋ ಪೇಪರ್ ಒಂದು ಡಬ್ಬಿ ಲ್ಯಾಬ್‌ನಲ್ಲಿ ಪುಕ್ಕಟೆ ಸಿಕ್ಕಿತು, ಒದ್ದೆ ಹೂದಳ ಇಟ್ಟು ಬಿಸಿಲಿಗೆ ಹಾಕಿ ಲ್ಯೂಮೆನ್ ಪ್ರಿಂಟ್ ತೆಗೆದೆ. ಗುಲಾಬಿ, ನೇರಳೆ, ಇಟ್ಟಿಗೆ ಬಣ್ಣ ಏನೇನೋ ಬಂದವು, ಚಿತ್ರ ಮತ್ತೆ ಬದಲಾಗದಂತೆ ಮಾಡುವ ಫಿಕ್ಸರ್‌ಗೆ ಹಾಕಿದ ತಕ್ಷಣ ಅರ್ಧ ಬಣ್ಣ ಇಳಿದು ಹೋಯಿತು. ಈಗ ಫಿಕ್ಸ್ ಮಾಡದೆ ಸ್ಕ್ಯಾನ್ ಮಾಡಿ ಕತ್ತಲಲ್ಲಿ ಎತ್ತಿಡುತ್ತೇನೆ. ವೆಟ್ ಸೈನೋಟೈಪ್ ಕೂಡ ಮಾಡಿದೆ. ಹಚ್ಚಿದ ಹಾಳೆ ಒಣಗುವ ಮುಂಚೆ ಸೋಪಿನ ನೊರೆ, ಉಪ್ಪು, ವಿನೆಗರ್ ಹನಿ ಚಿಮುಕಿಸಿ ಎಲೆ ಇಟ್ಟು ಬಿಸಿಲಿಗೆ ಹಾಕುವುದು. ಬಹಳ ಚಂದ ಬರುತ್ತದೆ, ಆದರೆ ಎರಡನೇ ಸಲ ಹಾಗೇ ಬರುವುದಿಲ್ಲ, ನನಗೆ ಅದು ಹಿಡಿಸಲಿಲ್ಲ.

ಆದರೆ ಅಲ್ಲೇ ಒಂದು ಎಳೆ ಸಿಕ್ಕಿತು. ವಿನೆಗರ್ ಹನಿ ಬಿದ್ದ ಜಾಗದಲ್ಲಿ ಮಾತ್ರ ತಿಳಿ ಟೋನ್‌ಗಳು ತೊಳೆದು ಹೋಗಿರಲಿಲ್ಲ. ತೆಳು ನೀಲಿ, ಇನ್ನೂ ತೆಳು ನೀಲಿ, ಹಾಗೇ ಮೆಟ್ಟಿಲು ಮೆಟ್ಟಿಲಾಗಿ ಉಳಿದಿತ್ತು. ಅವತ್ತು ರಾತ್ರಿ ನಿದ್ದೆ ಬರಲಿಲ್ಲ. ಪ್ರಷ್ಯನ್ ನೀಲಿಗೆ, ಅಂದರೆ ಸೈನೋಟೈಪ್‌ನ ಬಣ್ಣಕ್ಕೆ, ಕ್ಷಾರ ಆಗುವುದಿಲ್ಲ ಅಂತ ಪಾಠದಲ್ಲಿ ಓದಿದ್ದೆವು, ಪರೀಕ್ಷೆಯಲ್ಲಿ ಬರೆದೂ ಇದ್ದೆ. ಆದರೆ ನಲ್ಲಿ ನೀರನ್ನು ಒಂದು ಸಲವೂ ಪರೀಕ್ಷಿಸಿರಲಿಲ್ಲ! ಬೆಳಿಗ್ಗೆ ಪಿಎಚ್ ಪಟ್ಟಿ ಅದ್ದಿ ನೋಡಿದೆ, 8ರ ಹತ್ತಿರ, ಅಂದರೆ ಕ್ಷಾರದ ಕಡೆ, ತೋರಿಸಿತು. ಏಳು ತಿಂಗಳಲ್ಲಿ ಐದು ತಿಂಗಳು ನನ್ನ ಕೆನ್ನೆಯ ಟೋನ್ ತಿಂದಿದ್ದು ಆ ನೀರು.

ನೀರಷ್ಟೇ ಆಗಿರಲಿಲ್ಲ. ಮುಖಕ್ಕೆ ಅಂತ ಆಸೆಪಟ್ಟು ಕೊಂಡಿದ್ದ ದುಬಾರಿ ಆರ್ಕೈವಲ್ ಕಾಗದವೂ ಅದರ ಜೊತೆ ಸೇರಿಕೊಂಡಿತ್ತು. ಅಂಥ ಕಾಗದ ತುಂಬಾ ವರ್ಷ ಬಾಳಲಿ ಅಂತ ಕ್ಯಾಲ್ಸಿಯಂ ಕಾರ್ಬೋನೇಟ್ ಅನ್ನುವ ಕ್ಷಾರ ಸೇರಿಸಿರುತ್ತಾರೆ. ಬೇರೆ ಕೆಲಸಕ್ಕೆ ಅದು ಒಳ್ಳೆಯದೇ, ಸೈನೋಟೈಪ್‌ಗೆ ಮಾತ್ರ ಒಳಗಿನ ಶತ್ರು. ಅದೇ ಸಮಯಕ್ಕೆ ಟೆಸ್ಟ್‌ಗೆ ಬಳಸುತ್ತಿದ್ದ ಅಗ್ಗದ ಸ್ಕೆಚ್ ಹಾಳೆಯಲ್ಲಿ ಪ್ರಿಂಟ್ ಚೆನ್ನಾಗಿ ಬರುತ್ತಿದ್ದುದಕ್ಕೆ ಕಾರಣ ಅವತ್ತು ತಿಳಿಯಿತು. ಉಳಿದ ದುಬಾರಿ ಹಾಳೆಗಳನ್ನು ಬಿಸಾಡಲು ಮನಸ್ಸು ಬರಲಿಲ್ಲ. ಸಿಟ್ರಿಕ್ ಆಸಿಡ್ ಕರಗಿಸಿದ ನೀರಿನಲ್ಲಿ ನೆನೆಸಿದೆ, ಸಣ್ಣ ಸಣ್ಣ ಗುಳ್ಳೆ ಎದ್ದವು, ಗುಳ್ಳೆ ನಿಂತ ಮೇಲೆ ತೊಳೆದು ಒಣಗಿಸಿದೆ. ಅದೇ ಹಾಳೆ, ಈಗ ಎಷ್ಟು ಚೆನ್ನಾಗಿ ನೀಲಿ ಹಿಡಿಯುತ್ತದೆ ಅಂದರೆ ಬೇರೆ ಕಾಗದ ಬೇಡ ಅನಿಸಿಬಿಟ್ಟಿದೆ.

ಈಗ ನನ್ನ ಕ್ರಮ ಹೀಗಿದೆ. ಹಸಿರು ಫೆರಿಕ್ ಅಮೋನಿಯಂ ಸಿಟ್ರೇಟ್ 100 ಮಿಲಿಗೆ 25 ಗ್ರಾಂ, ಪೊಟ್ಯಾಸಿಯಂ ಫೆರಿಸಯನೈಡ್ 100 ಮಿಲಿಗೆ 10 ಗ್ರಾಂ, ಅದರಲ್ಲಿ ಏನೂ ಹೊಸದಿಲ್ಲ. ಎ4ಗೆ ಹನಿ ಲೆಕ್ಕದಲ್ಲಿ ಎರಡು ಮಿಲಿಯ ಹತ್ತಿರ ಸಾಕು. ಮೊದಲ ತೊಟ್ಟಿಯಲ್ಲಿ ಲೀಟರ್ ನೀರಿಗೆ ಒಂದು ಟೀ ಚಮಚ ಸಿಟ್ರಿಕ್ ಆಸಿಡ್. ಪ್ರಿಂಟ್ ಮೊದಲು ಅದಕ್ಕೇ ಹೋಗಬೇಕು, ನಲ್ಲಿ ನೀರು ಆಮೇಲೆ, ಅದೂ ಬೆಳಕು ತಾಗದೆ ಉಳಿದ ದ್ರಾವಣದ ಹಳದಿ ಹೋಗುವಷ್ಟು ಹೊತ್ತು ಮಾತ್ರ. ಆಸಿಡ್ ಅಂದರೆ ಇಂಥ ಸೌಮ್ಯವಾದದ್ದು ಮಾತ್ರ. ಪ್ರಬಲ ಆಸಿಡ್ ಅನ್ನು ಫೆರಿಸಯನೈಡ್ ಹತ್ತಿರಕ್ಕೂ ತರಬೇಡಿ, ವಿಷದ ಗಾಳಿ ಏಳುತ್ತದೆ. ಮೊದಲ ತೊಟ್ಟಿಯಲ್ಲಿ ಎಷ್ಟು ಹೊತ್ತು ಇಡುತ್ತೇನೆ, ಅದಕ್ಕೂ ಮುಂಚೆ ಹಾಳೆಗೆ ಏನು ಮಾಡುತ್ತೇನೆ ಅನ್ನುವುದನ್ನು ಈಗ ಹೇಳಲ್ಲ. ಅಂತಿಮ ವರ್ಷದ ಪ್ರದರ್ಶನ ಮುಗಿಯಲಿ, ಅದು ನನಗೆ ಕಷ್ಟಪಟ್ಟು ಸಿಕ್ಕಿದ್ದು.

ಆಸಿಡ್ ತೊಟ್ಟಿ ಬಂದ ಮೇಲೆ ಹಳೆಯ ಕರ್ವ್ ಎಲ್ಲ ಕೆಲಸಕ್ಕೆ ಬಾರದಾಯಿತು, ಯಾಕೆಂದರೆ ಟೋನ್ ಹರವು ಅಷ್ಟು ಹಿಗ್ಗಿತು. ಮತ್ತೆ 21 ಮೆಟ್ಟಿಲಿನ ಸ್ಟೆಪ್ ವೆಜ್ (ತಿಳಿಯಿಂದ ಗಾಢಕ್ಕೆ ಹೋಗುವ ಪಟ್ಟಿ) ಪ್ರಿಂಟ್ ಮಾಡಿ ಶುರು ಮಾಡಿದೆ. ಖಾಲಿ ಫಿಲ್ಮ್ ಇರುವ ಜಾಗ, ಫಿಲ್ಮೇ ಇಲ್ಲದ ಜಾಗ, ಎರಡೂ ಒಣಗಿದ ಮೇಲೆ ಒಂದೇ ನೀಲಿಯಾಗಿ ಕಾಣಬೇಕು. ಹಾಗೆ ಕಾಣುವ ಎಕ್ಸ್‌ಪೋಷರ್ ಸಮಯ ಸಿಕ್ಕ ಮೇಲೆ ಅದನ್ನು ಮುಟ್ಟಬೇಡಿ, ಉಳಿದಿದ್ದನ್ನೆಲ್ಲ ಕರ್ವ್‌ನಲ್ಲೇ ಸರಿಮಾಡಿ. ಒಣಗಿದ ಮೇಲೆ ಅನ್ನುವುದು ಮುಖ್ಯ. ಒದ್ದೆ ಇರುವಾಗ ನೋಡಿ ತೀರ್ಮಾನ ಮಾಡಿ ನಾನು ಮೂರು ಸಲ ಮೋಸಹೋದೆ, ಮರುದಿನಕ್ಕೆ ನೀಲಿ ಇನ್ನೂ ಗಾಢವಾಗುತ್ತದೆ. ಅವಸರ ಇದ್ದರೆ ಕೊನೆಯ ನೀರಿಗೆ ಸ್ವಲ್ಪ ಹೈಡ್ರೋಜನ್ ಪೆರಾಕ್ಸೈಡ್ ಹಾಕಿದರೆ ಆ ಗಾಢ ಬಣ್ಣ ತಕ್ಷಣ ಕಾಣುತ್ತದೆ. ಇನ್ನು ನೆಗೆಟಿವ್‌ಗೆ ಬರೀ ಕಪ್ಪು ಇಂಕ್ ಬೇಡ. ಬಣ್ಣದ ಚೌಕಗಳನ್ನು ಫಿಲ್ಮ್ ಮೇಲೆ ಪ್ರಿಂಟ್ ಮಾಡಿ, ಅವುಗಳ ಮೂಲಕ ಒಂದು ಸೈನೋಟೈಪ್ ತೆಗೆದು ನೋಡಿ. ಯಾವ ಬಣ್ಣ ಯುವಿಯನ್ನು ಜಾಸ್ತಿ ತಡೆಯುತ್ತದೆ ಅಂತ ನಿಮ್ಮ ಪ್ರಿಂಟರೇ ಹೇಳುತ್ತದೆ. ನನ್ನದರಲ್ಲಿ ಕಪ್ಪಿಗಿಂತ ಹಳದಿ ಮಿಶ್ರಿತ ಬಣ್ಣ ಗೆದ್ದಿತು. ನನ್ನ ಅಂಕಿಗಳನ್ನು ಕೊಟ್ಟರೂ ನಿಮ್ಮ ಪ್ರಿಂಟರ್‌ಗೆ ಹೊಂದುವುದಿಲ್ಲ.

ಟೋನಿಂಗ್, ಅಂದರೆ ನೀಲಿಯನ್ನು ಬೇರೆ ಬಣ್ಣಕ್ಕೆ ತಿರುಗಿಸುವುದು, ಮಾಡಿದ್ದೀಯಾ ಅಂತ ತುಂಬಾ ಜನ ಕೇಳುತ್ತಾರೆ. ಮೂರು ಪ್ರಿಂಟ್‌ಗೆ ಮಾಡಿದೆ. ವಾಷಿಂಗ್ ಸೋಡಾ ನೀರಿನಲ್ಲಿ ಹಳದಿಗೆ ಇಳಿಸಿ, ಗಟ್ಟಿ ಟೀ ಡಿಕಾಕ್ಷನ್‌ನಲ್ಲಿ ಅರ್ಧ ಗಂಟೆಗಿಂತ ಜಾಸ್ತಿ ಬಿಟ್ಟೆ. ಕಪ್ಪುಗಂದು ಬಣ್ಣ ಸೊಗಸಾಗಿ ಬಂತು. ಆದರೆ ಟೀ ಕಾಗದದ ಬಿಳಿಯನ್ನೂ ಕಂದಿಸಿತು, ಕಣ್ಣಿನ ಆ ಚುಕ್ಕೆ ಸತ್ತುಹೋಯಿತು. ಆ ಚುಕ್ಕೆಗಾಗಿ ಇಷ್ಟು ತಿಂಗಳು ದುಡಿದಿದ್ದೆ, ಅದನ್ನು ಬಿಟ್ಟುಕೊಡಲು ನಾನು ತಯಾರಿಲ್ಲ. ನೀಲಿಯೇ ಇರಲಿ.

ಸರಿಯಾಗಿ ಬಂದ ಮೊದಲ ಪ್ರಿಂಟ್ ಅನ್ನು ಆ ಸೀನಿಯರ್‌ಗೆ ತೋರಿಸಿದೆ. ಅವರು ಏನೂ ಹೇಳದೆ ಲೂಪ್ ಕೇಳಿ ತೆಗೆದುಕೊಂಡರು, ಬಹಳ ಹೊತ್ತು ನೋಡಿದರು. ಆಮೇಲೆ ಯಾವ ಫಿಲ್ಮ್ ಬಳಸಿದೆ ಅಂದರು. ಈಗ ಅವರ ಮಗಳ ಮುಖದ ನೆಗೆಟಿವ್ ನನ್ನ ಮೇಜಿನ ಮೇಲಿದೆ, ಕೆನ್ನೆಯ ತುಂಡಿನಿಂದಲೇ ಶುರು ಮಾಡಿದ್ದೇನೆ.

ಅಜ್ಜಿಯ ಪ್ರಿಂಟ್ ಅನ್ನು ಮನೆಯಲ್ಲಿ ಕಿಟಕಿಯ ಎದುರಿನ ಗೋಡೆಗೆ ಹಾಕಿದ್ದೆವು. ಒಂದೂವರೆ ತಿಂಗಳಿಗೆ ನೀಲಿ ಮಂಕಾಗಿತ್ತು. ಅಮ್ಮ ಗಾಬರಿಯಾದರು. ನಾನು ಅದನ್ನು ಇಳಿಸಿ ಕಪಾಟಿನೊಳಗೆ ಕತ್ತಲಲ್ಲಿ ಇಟ್ಟೆ. ಸೈನೋಟೈಪ್‌ನ ಈ ಒಂದು ಗುಣ ಸಾಮಾನ್ಯವಾಗಿ ಬೇರೆ ಪ್ರಿಂಟ್‌ಗಳಿಗಿಲ್ಲ, ಬೆಳಕಿಗೆ ಮಂಕಾದ ನೀಲಿ ಕತ್ತಲಲ್ಲಿ ಮತ್ತೆ ಬರುತ್ತದೆ. ಕೆಲವು ವಾರ ಬಿಟ್ಟು ತೆಗೆದಾಗ ಶಾಲಿನ ಮಡಿಕೆಗಳು ಮೊದಲಿನ ಹಾಗೇ ಇದ್ದವು. ಈಗ ಬಿಸಿಲು ಬೀಳದ ಒಳಗೋಡೆಗೆ ಹಾಕಿದ್ದೇವೆ.