ಬಯಲುಸೀಮೆಯ ಒಣಹವೆಯಲ್ಲಿ ಉಬ್ಬು ಚಿನ್ನದ ಅಕ್ಷರ

ಫ್ರಾನ್ಸಿನ ರಾಣಿ ಜಾನ್ ಡೆವ್ರೂಗಾಗಿ 1324ರಿಂದ 1328ರ ನಡುವೆ ತಯಾರಾದ ಪ್ರಾರ್ಥನಾ ಪುಸ್ತಕ ಈಗ ನ್ಯೂಯಾರ್ಕಿನ ಕ್ಲಾಯ್ಸ್ಟರ್ಸ್ ಮ್ಯೂಸಿಯಮ್ಮಿನಲ್ಲಿದೆ. ಪುಟ ಸುಮಾರು 9 ಸೆಂ.ಮೀ. ಎತ್ತರ, 6 ಸೆಂ.ಮೀ. ಅಗಲ. ಮೊದಲ ಪ್ರಾರ್ಥನೆಯ ‘ದೋಮಿನೆ’ (ಲ್ಯಾಟಿನ್‌ನಲ್ಲಿ ‘ಪ್ರಭುವೇ’) ಪದದ ಮೊದಲ ‘ಡಿ’ ಅಕ್ಷರದೊಳಗೆ ರಾಣಿಯೇ ಪುಸ್ತಕ ಹಿಡಿದು ಮಂಡಿಯೂರಿದ್ದಾಳೆ. ಆ ಪುಸ್ತಕದ ಚಿತ್ರಗಳು ಬಹುತೇಕ ಬೂದುಬಣ್ಣದವು. ಅಂಥದೊಂದು ಅಕ್ಷರವನ್ನು ಮನೆಯಲ್ಲೇ ಬರೆಯುವಾಗ ಉಬ್ಬಿ ಹೊಳೆಯುವ ಚಿನ್ನ ಬೇಕಿದ್ದರೆ ಆ ಕಾಲದ ಬೇರೆ ಪುಸ್ತಕಗಳ ಕ್ರಮ ಹಿಡಿಯಬೇಕು. ಅಳತೆಗೆ ಮಾತ್ರ ರಾಣಿಯ ಪುಸ್ತಕವೇ ಸಾಕು: ಅಕ್ಷರ 2 ಸೆಂ.ಮೀ. ಇರಲಿ, ದೊಡ್ಡದಾದಷ್ಟೂ ಬಿರುಕು ಜಾಸ್ತಿ.

ಆಗಿನವರು ಬರೆಯುತ್ತಿದ್ದ ಕರುವಿನ ಚರ್ಮದ ಹಾಳೆಯ ಬದಲು ನುಣುಪಾದ 300 ಜಿಎಸ್‌ಎಂ (ಚದರ ಮೀಟರಿಗೆ 300 ಗ್ರಾಂ ತೂಗುವ) ಹತ್ತಿ ಕಾಗದ ತನ್ನಿ. ಚಿನ್ನದ ರೇಕು 22 ಅಥವಾ 24 ಕ್ಯಾರಟ್‌ನದಾಗಲಿ. ಹಿತ್ತಾಳೆಯ ನಕಲಿ ರೇಕು ದಪ್ಪ, ಕೆಲ ಕಾಲಕ್ಕೆ ಕಪ್ಪಾಗುತ್ತದೆ. ಕೋಲಾರದವರೂ ಇದನ್ನು ಹಣ ಕೊಟ್ಟೇ ತರಬೇಕು, ಗಣಿ ಮುಚ್ಚಿದ್ದು 2001ರಲ್ಲೇ!

ಕೆಲಸದ ಜೀವ ಇರುವುದು ಚಿನ್ನದ ಕೆಳಗಿನ ಲೇಪದಲ್ಲಿ. 100 ಗ್ರಾಂ ಪ್ಲಾಸ್ಟರ್ ಆಫ್ ಪ್ಯಾರಿಸ್ಸನ್ನು 2 ಲೀಟರ್ ನೀರಿಗೆ ಉದುರಿಸಿ, ಅರ್ಧ ಗಂಟೆ ಕೈಬಿಡದೆ ಕದಡಿ. ಬಿಟ್ಟರೆ ಕಲ್ಲಾಗುತ್ತದೆ. ಆಮೇಲೆ ದಿನಕ್ಕೊಮ್ಮೆ ಕದಡುತ್ತ, ನೀರು ಬದಲಿಸುತ್ತ 4 ವಾರ ಬಿಡಿ. ನಮ್ಮ ಕಡೆಯ ಬೋರ್‌ವೆಲ್ ನೀರು ಗಡಸು, ಡಿಸ್ಟಿಲ್ಡ್ ವಾಟರ್ ಬಳಸಿ. ಬಸಿದು ಒಣಗಿಸಿದ ಈ ಪುಡಿ 8 ಭಾಗ, ಟೈಟಾನಿಯಂ ಬಿಳಿ (ಬಿಳಿ ಬಣ್ಣದ ಪುಡಿ) 3, ನುಣ್ಣಗೆ ಪುಡಿಮಾಡಿದ ಕಲ್ಲುಸಕ್ಕರೆ 1, ಮೀನಿನ ಅಂಟು 1, ಬಿಳಿ ಹಾಳೆಯ ಮೇಲೆ ಕಾಣಲೆಂದು ಚಿಟಿಕೆ ಕಾವಿ. ಹಳೆಯವರು ಹಾಕುತ್ತಿದ್ದ ಸೀಸದ ಬಿಳಿ ವಿಷ, ಅದು ಬೇಡ. ಹನಿ ಹನಿ ನೀರು ಬಿಟ್ಟು ಗಾಜಿನ ಮೇಲೆ ಕೆನೆಯಂತಾಗುವವರೆಗೆ ಅರೆಯಿರಿ. ಗುಳ್ಳೆ ಎದ್ದರೆ ಸೂಜಿಯಿಂದ ಒಡೆಯಿರಿ. ಮಧ್ಯಯುಗದ ಕೈಪಿಡಿಯೊಂದು ಇದೇ ತೊಂದರೆಗೆ ಕಿವಿಯ ಗುಗ್ಗೆ ಹೇಳುತ್ತದೆ; ಸೂಜಿ ವಾಸಿ.

ಬರಹವೆಲ್ಲ ಮುಗಿದ ಮೇಲೆ ಅಕ್ಷರದ ಗೆರೆಯೊಳಗೆ ಲೇಪವನ್ನು ಒಂದೇ ಸಲಕ್ಕೆ ತುಂಬಿ, ಸಮತಟ್ಟಾದ ಕಡೆ ರಾತ್ರಿಯಿಡೀ ಒಣಗಿಸಿ, ಬ್ಲೇಡಿನಿಂದ ಹಗುರಾಗಿ ಹೆರೆಯಿರಿ.

ಚಿನ್ನ ಹಿಡಿಯುವುದು ಸಕ್ಕರೆ ಹೀರಿಕೊಂಡ ತೇವಕ್ಕೆ. ಅದಕ್ಕೇ ಕಾಗದದ ಕೊಳವೆಯಿಂದ ಮೂರು ನಾಲ್ಕು ಸಲ ‘ಹಾ’ ಎಂದು ಬಿಸಿಯುಸಿರು ಬಿಟ್ಟು, ತಡಮಾಡದೆ ರೇಕು ಇಟ್ಟು, ಮೇಲೆ ಬಟರ್ ಪೇಪರ್ ಹಾಕಿ ಒತ್ತಬೇಕು. ಏಪ್ರಿಲ್ ಮಧ್ಯಾಹ್ನ ತುಮಕೂರಿನಲ್ಲಿ ಉಸಿರಿನ ತೇವ ರೇಕು ಎತ್ತುವಷ್ಟರಲ್ಲಿ ಆರಿರುತ್ತದೆ. ಸೂರ್ಯ ಏರುವ ಮುಂಚೆ, ಫ್ಯಾನ್ ಆರಿಸಿ, ಕೋಣೆಯಲ್ಲಿ ಒದ್ದೆ ಬಟ್ಟೆ ಹರವಿ ಕೂರಿ. ಆದರೂ ಹಿಡಿಯದಿದ್ದರೆ ಮುಂದಿನ ಸಲ ಸಕ್ಕರೆಯನ್ನು ಒಂದೂಕಾಲು ಭಾಗ ಮಾಡಿ. ಮಳೆಗಾಲಕ್ಕೆ ಅದೇ ಅಳತೆ ಮುಳುವು: ಲೇಪ ಜಿಗುಟಾಗಿ, ಹೊಳಪು ಕೊಡುವಾಗ ಚಿನ್ನ ಕಿತ್ತು ಬರುತ್ತದೆ. ಬಿರುಕು ಬಿಟ್ಟರೆ ಸಕ್ಕರೆ ಕಡಿಮೆಯಾಗಿದೆ ಅಥವಾ ಅಂಟು ಹೆಚ್ಚಾಗಿದೆ.

ಒಂದು ಗಂಟೆ ಬಿಟ್ಟು, ಮೊದಲು ಬಟರ್ ಪೇಪರ್ ಮೇಲಿಂದ, ಆಮೇಲೆ ನೇರವಾಗಿ ಅಗೇಟ್ ಎಂಬ ನುಣುಪಾದ ಗಟ್ಟಿ ಕಲ್ಲಿನಿಂದ ಹೊಳಪು ಬರುವಂತೆ ಉಜ್ಜಿ. ಹಿಂದೆ ನಾಯಿಯ ಹಲ್ಲಿನಲ್ಲಿ ಉಜ್ಜುತ್ತಿದ್ದರು. ಅಂಚಿನ ಚೂರುಗಳನ್ನು ಶಿಡ್ಲಘಟ್ಟದ ರೇಷ್ಮೆಯ ತುಂಡಿನಿಂದ ಒರೆಸಿ. ಬಣ್ಣ ಈಗ, ಮುಂಚೆ ಅಲ್ಲ. ಗೋಂದು ಬೆರೆತ ಬಣ್ಣಕ್ಕೂ ಚಿನ್ನ ಅಂಟಿಕೊಳ್ಳುತ್ತದೆ. ಅಲ್ಟ್ರಾಮರೀನ್ ನೀಲಿ, ಕೆಂಪು, ಕೊನೆಗೆ ಕಪ್ಪು ಗೆರೆ, ಅದರ ಮೇಲೆ ಬಿಳಿಯ ಸಣ್ಣ ಎಳೆ.

ಫ್ರೇಮ್ ಹಾಕಿಸುವಾಗ ಗಾಜು ಚಿನ್ನಕ್ಕೆ ತಾಗದಂತೆ ನಡುವೆ ಮೌಂಟ್ ಬೋರ್ಡ್ (ಚಿತ್ರದ ಸುತ್ತ ಕೂರುವ ದಪ್ಪ ರಟ್ಟಿನ ಚೌಕಟ್ಟು) ಇಡಿಸಿ.